ಮೊದಲನೆಯ ಅರ್ಥ

ಬೆಳಗಿನಿಂದ ಅವನು ಒಂದೇ ಪದದ ಮುಂದೆ ಕೂತಿದ್ದ. ನಿಘಂಟು ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಜೀವ ತೇದ ಉಪಸಂಪಾದಕನಿಗೆ ಒಂದು ಪದ ಅರ್ಧ ದಿನ ನುಂಗುವುದು ಹೊಸದೇನಲ್ಲ, ಆದರೆ ಈ ಪದದ ಕೆಲಸ ಮುಗಿದು ಮೂರು ದಿನವಾಗಿತ್ತು. ಪಾಷಂಡ. ಪಾಷಂಡಿ. ಮುನ್ನೂರ ಹನ್ನೆರಡು ಚೀಟಿಗಳು, ನಾಲ್ಕು ತಲೆಮಾರಿನ ಕೈಬರಹ. ಕಾಲಕ್ರಮದಲ್ಲಿ ಜೋಡಿಸಿಟ್ಟರೆ ಒಂದು ಪದ ಹೇಗೆ ಕೆಡುತ್ತ ಬಂತೆಂಬುದು ಕಣ್ಣಿಗೆ ಕಟ್ಟುತ್ತಿತ್ತು. ಅತಿ ಹಳೆಯ ಚೀಟಿಯಲ್ಲಿ ಅದು ಬೈಗುಳವೇ ಅಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ರಾಜ, ಎಲ್ಲ ಪಾಷಂಡಗಳನ್ನೂ ಗೌರವಿಸುತ್ತೇನೆ ಎಂದು ಬಂಡೆಯ ಮೇಲೆ ಕೆತ್ತಿಸಿದ್ದ. ಪಾಷಂಡವೆಂದರೆ ಒಂದು ನಂಬಿಕೆ ಹಿಡಿದು ಬಾಳುವವರ ಗುಂಪು. ನಿಮ್ಮದೂ ಪಾಷಂಡ, ನಮ್ಮದೂ ಪಾಷಂಡ. ಆಮೇಲೆ ಯಾರೋ ನಮ್ಮದನ್ನು ಅದರಿಂದ ಹೊರಗೆ ತೆಗೆದರು. ಉಳಿದದ್ದು ನಿಮ್ಮದು ಮಾತ್ರ. ಅಲ್ಲಿಂದ ಮುಂದಿನ ಚೀಟಿಗಳ ತುಂಬ ಪಾಷಂಡಿಗಳನ್ನು ಅಟ್ಟುತ್ತಾರೆ, ಮನೆಗೆ ಬೆಂಕಿ ಇಡುತ್ತಾರೆ, ನಾಲಿಗೆ ಕೊಯ್ಯುತ್ತಾರೆ. ಕೊನೆಕೊನೆಗೆ ಪದ ಎಷ್ಟು ಸವೆದಿತ್ತೆಂದರೆ, ಯಾವುದೋ ಅಜ್ಜಿ ಹೊತ್ತಿಕೊಳ್ಳದ ಒಲೆಗೆ ‘ಪಾಷಂಡಿ ಒಲೆ’ ಎಂದು ಶಾಪ ಹಾಕಿದ್ದನ್ನು ಪದಸಂಗ್ರಹಕ್ಕೆ ಹೋದವರೊಬ್ಬರು ದಿನಾಂಕ ಸಮೇತ ಬರೆದುಕೊಂಡು ಬಂದಿದ್ದರು.

ನಿನ್ನೆ ಪ್ರಧಾನ ಸಂಪಾದಕರು ಅವನನ್ನು ಕೋಣೆಗೆ ಕರೆಸಿದ್ದರು. ಕೂರಲು ಹೇಳಲಿಲ್ಲ. “ಆ ಮೊದಲನೇ ಅರ್ಥ ಈಗ ಯಾರಿಗೆ ಬೇಕು ಹೇಳಿ? ಸತ್ತು ಸಾವಿರ ವರ್ಷ ಆಗಿದೆ. ಪುಟ ಬೇರೆ ಉದ್ದ ಆಗತ್ತೆ. ತೆಗೆದುಬಿಡಿ,” ಎಂದರು. ಅದರ ಕೆಳಗಿನ ಪದ ಪಾಷಾಣ. ಕಲ್ಲು, ವಿಷ ಎಂದು ಶುರುವಾಗಿ ಹದಿನಾಲ್ಕು ಸಾಲು ಹರಿದಿತ್ತು. ಅದು ಉದ್ದವೆಂದು ಯಾರಿಗೂ ಅನ್ನಿಸಿರಲಿಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆದವನು “ಆಗಲಿ ಸಾರ್” ಎಂದ. ದೊಡ್ಡವರ ಕಣ್ಣು ಕಿಟಕಿಯಾಚೆ, ಬೀದಿಯ ಎದುರು ಗೋಡೆಯ ಮೇಲಿತ್ತು. ಅಲ್ಲಿ, ನಂಬಿಕೆ ಕಾಯುತ್ತೇವೆಂದು ಬೀದಿಗಿಳಿದ ಸಭೆಯ ಸ್ವಯಂಸೇವಕರು ಹಚ್ಚಿದ, ಪಾಷಂಡಿಗಳನ್ನು ಊರಿನಿಂದ ಅಟ್ಟಿ ಎನ್ನುವ ಭಿತ್ತಿಪತ್ರ. ಹೆದರಿಕೆಯನ್ನು ಪುಟದ ಉದ್ದವೆಂದು ಕರೆಯಬಹುದೆಂದು ಅವನಿಗೆ ಹೊಳೆದದ್ದೇ ಆಗ. ತನ್ನ ಮೇಜಿಗೆ ಬಂದು ಕೆಂಪು ಶಾಯಿಯಲ್ಲಿ, ಅಳತೆಪಟ್ಟಿ ಇಟ್ಟು, ನೆಟ್ಟಗೆ ಒಂದು ಗೆರೆ ಎಳೆದ. ಎಳೆದಾದ ಮೇಲೆ ಬೆರಳು ನಡುಗುತ್ತಿರಲಿಲ್ಲವೆಂಬುದನ್ನು ಗಮನಿಸಿದ. ಅದೇ ರಾತ್ರಿಯಿಡೀ ನಿದ್ದೆಗೆಡಿಸಿತು.

ಆ ಪದವನ್ನು ಅವನು ಮೊದಲ ಸಲ ಕೇಳಿದಾಗ ಆರು ವರ್ಷ. ಚಿಕ್ಕಪ್ಪ ಹಿಂದಿನ ದಿನ ಹೆಗಲ ಮೇಲೆ ಕೂರಿಸಿಕೊಂಡು ಹೋಗುವಾಗ ಗುಟ್ಟು ಹೇಳಿದ್ದ: “ನಾನು ಪ್ರಾರ್ಥನೇಲಿ ಸುಮ್ನೆ ತುಟಿ ಆಡಿಸ್ತೀನಿ ಕಣೋ. ಒಳಗೊಳಗೆ ಒಂದರಿಂದ ನೂರರ ತನಕ ಎಣಿಸ್ತೀನಿ. ನೂರಕ್ಕೆ ಸರಿಯಾಗಿ ಎಲ್ಲರೂ ಕಣ್ಣು ಬಿಡ್ತಾರೆ, ನೋಡು ಬೇಕಾದ್ರೆ.” ಎಂಥ ಗುಟ್ಟು! ಹೊಟ್ಟೆಯಲ್ಲಿ ನಿಲ್ಲುವಂಥದ್ದೇ ಅಲ್ಲ. ಎಲ್ಲರೂ ಊಟಕ್ಕೆ ಕೂತಿದ್ದಾಗ, ಎಲ್ಲರನ್ನೂ ನಗಿಸಬೇಕೆಂದು, “ಅಪ್ಪಾ, ಚಿಕ್ಕಪ್ಪ ಪ್ರಾರ್ಥನೇಲಿ ಅಂಕಿ ಎಣಿಸ್ತಾನಂತೆ” ಎಂದ. ಯಾರೂ ನಗಲಿಲ್ಲ. ಅಪ್ಪ ಕೈ ತೊಳೆದು ಬಂದ. ಅಷ್ಟು ನಿಧಾನವಾಗಿ ತೊಳೆದದ್ದು, ಬೆರಳ ಸಂದುಗಳನ್ನೆಲ್ಲ. ಆಮೇಲೆ ಬಾಗಿಲ ಹಿಂದಿದ್ದ ಅಗುಳಿ ತೆಗೆದುಕೊಂಡು ತಮ್ಮನ ಹೆಗಲ ಮೇಲೆ, ಹಿಂದಿನ ದಿನ ಹುಡುಗ ಕೂತಿದ್ದ ಅದೇ ಕಡೆ, ಹೊಡೆದ. ಒಣಸೌದೆ ಸೀಳಿದ ಸದ್ದು. “ಪಾಷಂಡಿ! ನನ್ನ ಮನೇಲಿ ಪಾಷಂಡಿ!” ಒಡೆದದ್ದಕ್ಕೆ ಪಾಷಂಡಿ ಎನ್ನುತ್ತಾರೆಂದು ಹುಡುಗ ತಿಳಿದ. ಚಿಕ್ಕಪ್ಪ ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೊಸಿಲು ದಾಟಿದವನು ಮತ್ತೆ ಬರಲಿಲ್ಲ. ಹೋಗುವಾಗ ಹುಡುಗನ ಕಡೆ ತಿರುಗಿ ನೋಡಿದ. ಸಿಟ್ಟಿನಿಂದ ನೋಡಿದ್ದರೆ ಚೆನ್ನಾಗಿತ್ತು. ‘ಪಾಷಂಡಿ ಅಂದ್ರೇನಪ್ಪಾ’ ಎಂದು ಮಾರನೆಯ ದಿನ ಕೇಳಿದ್ದಕ್ಕೆ ಕಪಾಳಕ್ಕೆ ಬಿತ್ತು. ಅರ್ಥ ಕೇಳುವುದೂ ಆ ಪದದ ಅರ್ಥದಲ್ಲೇ ಸೇರಿತ್ತೆಂದು ಕಾಣುತ್ತದೆ.

“ಸಾರ್... ಒಂದ್ನಿಮಿಷ.”

ಕರಡು ತಿದ್ದುವವನು ಬಾಗಿಲಲ್ಲಿ ನಿಂತಿದ್ದ. ಮಾತಿನ ನಡುವೆ ನಿಂತುನಿಂತು ಮುಂದೆ ಹೋಗುವ ಅವನ ಚಾಳಿಗೆ ಕಚೇರಿಯಲ್ಲಿ ಎಲ್ಲರೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಅರವತ್ತರ ಹತ್ತಿರದ, ಸಣ್ಣ ಎಲುಬಿನ ಮನುಷ್ಯ. ಕತ್ತಿನ ಸುತ್ತ ದೊಗಳೆಯಾದ ಕಾಲರು. ಮೇಜಿನ ಮೇಲೆ ಕರಡಿಟ್ಟ. ಕೆಂಪು ಗೆರೆ ಎಳೆದ ಮೊದಲನೆಯ ಅರ್ಥದ ಕೆಳಗೆ ಸಾಲಾಗಿ ಚುಕ್ಕೆಗಳು, ಅಂಚಿನಲ್ಲಿ ಮುದ್ದಾದ ಅಕ್ಷರದಲ್ಲಿ ‘ಇರಲಿ’: ಹೊಡೆದದ್ದನ್ನು ಹಾಗೇ ಉಳಿಸಿಕೊಳ್ಳಿ ಎನ್ನುವ ಕರಡಿನ ಗುರುತು.

“ಯಾರು ಹೇಳಿದ್ರು ನಿಮಗೆ ಇದನ್ನ ಹಾಕಕ್ಕೆ?”

“ಯಾರೂ ಹೇಳಿಲ್ಲ ಸಾರ್. ಗೆರೆ... ನಿಮ್ಮ ಕೈಯದು ಅನ್ನಿಸ್ಲಿಲ್ಲ ನನಗೆ. ಅಷ್ಟು ನೆಟ್ಟಗೆ ನೀವು ಯಾವತ್ತೂ ಎಳೆದೋರಲ್ಲ.”

ಅವನಿಗೆ ಮೈಯೆಲ್ಲ ಉರಿಯಿತು. ಈ ಬಡಕಲು ಮನುಷ್ಯನ ಮೇಲೆ ಯಾಕಿಷ್ಟು ಸಿಟ್ಟು ಬರುತ್ತದೆ? ಬರುವುದಕ್ಕೆ ಕಾರಣವಿತ್ತು. ಆ ಕಾರಣವನ್ನು ಐದು ವಾರಗಳಿಂದ ಅವನು ಸುತ್ತುಬಳಸಿ ದಾಟುತ್ತಿದ್ದ. ಅಲ್ಪವಿರಾಮನ ಹೆಂಡತಿ ತೀರಿಕೊಂಡ ದಿನ ಕಚೇರಿಯಿಂದ ಹೋದವನು ಇವನೊಬ್ಬನೇ. ಸಭೆಯ ಹಿರಿಯರು ಬಂದು ಮಂತ್ರ ಹೇಳಲು ಸಿದ್ಧರಾದಾಗ ಅಲ್ಪವಿರಾಮ ಅಡ್ಡ ಬಂದು ಕೈಮುಗಿದು, “ಬೇಡಿ. ದೇವರಿಗೆ ಕಿವಿ ಕೇಳ್ಸಲ್ಲ. ಅದಕ್ಕೇ... ನಾವು ಒಬ್ಬರ ಮಾತು ಒಬ್ಬರು ಕೇಳಿಸ್ಕೋಬೇಕು. ಇವಳು ಮೂರು ತಿಂಗಳು ನೋವು ನೋವು ಅಂದ್ಲು, ನಾನು ಕೇಳಿಸ್ಕೊಳ್ಲಿಲ್ಲ” ಎಂದಿದ್ದ. ಹಿರಿಯರು ಕಿವಿಗೆ ಹಾಕಿಕೊಳ್ಳದೆ, ದುಃಖದಲ್ಲಿ ಏನೋ ಬಡಬಡಿಸುತ್ತಾನೆಂದು ಸುಮ್ಮನಾಗಿದ್ದರು. ಮಾತು ಅಲ್ಲಿಗೇ ಸಾಯಬಹುದಿತ್ತು. ಆದರೆ ಅವತ್ತು ಸಂಜೆ ಇವನು ಚಹಾ ಕುಡಿಯುತ್ತ, ಹೆಂಡತಿಗೆ, ನಿಂತುನಿಂತು ಮಾತಾಡುವ ಅವನ ಧಾಟಿಯನ್ನೇ ಅನುಕರಿಸಿ, “ದೇವರಿಗೆ... ಕಿವಿ ಕೇಳ್ಸಲ್ವಂತೆ” ಎಂದು ಹೇಳಿದ. ಹೆಂಡತಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಆರು ವರ್ಷದವನಿದ್ದಾಗ ಸಿಗದೆ ಹೋದ ನಗು ಕೊನೆಗೂ ಸಿಕ್ಕಿತೆಂದು ಇವನೂ ನಕ್ಕ. ಹಜಾರದ ಮೂಲೆಯಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದ ಬಾಮೈದ, ಸಭೆಯ ಸ್ವಯಂಸೇವಕ, ಮಾತ್ರ ನಗಲಿಲ್ಲ. ಬ್ರಷ್ ನಿಲ್ಲಿಸಿ, “ಯಾರು ಭಾವ ಹಾಗಂದೋನು?” ಎಂದು ಕೇಳಿದ. ಇವನು ಹೇಳಿದ. ಮನೆ ಎಲ್ಲಿ ಎಂದು ಕೇಳಿದ್ದಕ್ಕೂ ಹೇಳಿದ.

ವಾರದೊಳಗೆ ಅಲ್ಪವಿರಾಮನ ಬಾಗಿಲ ಮೇಲೆ ಡಾಂಬರಿನಲ್ಲಿ ‘ಪಾಶಂಡಿ’ ಎಂದು ಬರೆದಿತ್ತು. ಅವನು ಅಳಿಸಲಿಲ್ಲ. ಮಾರನೆಯ ದಿನ ಕಚೇರಿಗೆ ಬಂದು, “ಶಂಖದ ಶ ಹಾಕಿದಾರೆ ಸಾರ್. ಹೊಟ್ಟೆ ಸೀಳಿದ ಷ ಬರ್ಬೇಕು. ಸೀಮೆಸುಣ್ಣದಲ್ಲಿ... ತಿದ್ದಿಟ್ಟು ಬಂದೆ” ಎಂದಿದ್ದ. ಕಚೇರಿಗೆ ಕಚೇರಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ತಿದ್ದಿದ್ದನ್ನು ಅಪಹಾಸ್ಯವೆಂದು ಸಭೆಯವರು ತಿಳಿದರೆಂಬುದು ಆಮೇಲೆ ಗೊತ್ತಾಯಿತು. ಅಲ್ಪವಿರಾಮನಿಗೆ ಅಪಹಾಸ್ಯ ಬರುತ್ತಲೇ ಇರಲಿಲ್ಲ. ತಪ್ಪು ಕಂಡರೆ ತಿದ್ದದೆ ಇರಲಾರ, ಅಷ್ಟೆ.

“ದೊಡ್ಡವರು ತೆಗೀರಿ ಅಂದಿದಾರೆ,” ಎಂದ ಅವನು ಈಗ, ಕರಡನ್ನು ದೂರ ತಳ್ಳಿ.

“ಅದು ಅವರಂದಿದ್ದಾಯ್ತು ಸಾರ್. ನೀವೇನಂತೀರ?”

“ನಾನು ಏನೂ ಅನ್ನಲ್ಲ.”

“ಹಾಗಂದ್ರೆ... ಇರಲಿ ಅಂತ ಅಲ್ವಾ ಸಾರ್?”

ಆಗ ಕೆಳಗೆ ಗಾಜು ಒಡೆದ ಸದ್ದಾಯಿತು. ಒಂದೇ ಒಂದು ಗಾಜು, ಆಮೇಲೆ ಮೆಟ್ಟಿಲ ಮೇಲೆ ಒಟ್ಟಿಗೆ ಏರುವ ಕಾಲುಗಳು. ಹದಿನೈದು ಇಪ್ಪತ್ತು ಜನ ಇದ್ದಿರಬೇಕು. ಪ್ರಧಾನ ಸಂಪಾದಕರ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿಕೊಂಡಿತು. ನುಗ್ಗಿದವರು ಮೊದಲು ಮನುಷ್ಯರನ್ನು ಮುಟ್ಟಲಿಲ್ಲ. ಚೀಟಿಗಳ ಖಾನೆಗಳನ್ನು ಎಳೆದೆಳೆದು ಸುರಿದರು. ಎಪ್ಪತ್ತು ವರ್ಷದ ಪದಗಳು ನೆಲದ ಮೇಲೆ ಹರಡಿ ಬೂಟಿನ ಕೆಳಗೆ ಸರಬರ ಅಂದವು. ಬಾಮೈದ ಎಲ್ಲರಿಗಿಂತ ಮುಂದಿದ್ದ. ಕೈಯಲ್ಲಿ ಕಬ್ಬಿಣದ ಸಲಾಕೆ. ಮುಖದಲ್ಲಿ ಮಾತ್ರ ಮನೆಗೆ ನೆಂಟನಾಗಿ ಬಂದವನ ವಿನಯ. “ಭಾವ, ನೀವು ಹೆದರ್ಕೋಬೇಡಿ. ನಿಮ್ಮ ಸುದ್ದಿಗೆ ಯಾರೂ ಬರಲ್ಲ. ಇವನದೊಂದು ಮಾತು ಇತ್ಯರ್ಥ ಆಗ್ಬೇಕು.” ಇಬ್ಬರು ಅಲ್ಪವಿರಾಮನ ತೋಳು ಹಿಂದಕ್ಕೆ ತಿರುಚಿ ಹಿಡಿದಿದ್ದರು. “ನಾವು ಓದ್ದೋರಲ್ಲ. ಇವನು ಬಾಗಿಲ ಮೇಲೆ ನಮಗೆ ಕಾಗುಣಿತ ಕಲಿಸ್ತಾನೆ. ಅದಕ್ಕೇ ನಿಮ್ಮ ಹತ್ರಾನೇ ಕೇಳೋಣ ಅಂತ ಬಂದ್ವಿ. ಪುಸ್ತಕ ಬರೆಯೋರು ನೀವು. ಪಾಷಂಡಿ ಅಂದ್ರೆ ಏನು, ಓದಿ ಹೇಳಿ.”

ಕರಡು ಮೇಜಿನ ಮೇಲೇ ಇತ್ತು. ಅವನು ಎತ್ತಿಕೊಂಡ. ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಒಂದು ಪದದ ಅರ್ಥಕ್ಕಾಗಿ ಇಪ್ಪತ್ತು ಜನ ಉಸಿರು ಬಿಗಿಹಿಡಿದು ಅವನ ಬಾಯಿ ನೋಡುತ್ತಿದ್ದರು. ಈ ಹೊತ್ತಿನಲ್ಲೂ ಅದು ತನಗೆ ಹಿತವಾಯಿತೆಂಬುದನ್ನು ಅವನು ಆಮೇಲೆಂದೂ ಯಾರಿಗೂ ಹೇಳಲಾರ. ಒಂದು ಎಂದು ಶುರುಮಾಡಿದರೆ ಸಾಕಿತ್ತು. ಒಂದು, ಯಾವುದೇ ನಂಬಿಕೆ ಹಿಡಿದವರ ಗುಂಪು. ನೀವೂ ಅದೇ ಕಣ್ರಪ್ಪಾ, ನಿಮ್ಮ ಸಭೆಯೂ. ಚುಕ್ಕೆಗಳ ಸಾಲನ್ನು ಕಣ್ಣು ದಾಟಿತು. “ವಿಧಿಸಿದ ನಂಬಿಕೆಗೆ ವಿರುದ್ಧವಾಗಿ ನಡೆಯುವವನು,” ಎಂದು ಓದಿದ. “ಧರ್ಮದ್ರೋಹಿ. ವಂಚಕ.” ತರಗತಿಯಲ್ಲಿ ಪಾಠ ಒಪ್ಪಿಸುವ ದನಿ. ಅಲ್ಪವಿರಾಮ ತಲೆಯೆತ್ತಿ, “ಸಾರ್, ಅದು ಎರಡನೇದು...” ಎಂದ.

ಸಲಾಕೆ ಮೊದಲು ಬಿದ್ದದ್ದು ಅಲ್ಪವಿರಾಮನ ಮಂಡಿಗೆ. ಅವನು ಗಾಳಿ ಹೋದ ಚೀಲದ ಹಾಗೆ ಮಡಚಿಕೊಂಡು ಚೀಟಿಗಳ ಮೇಲೆ ಕುಸಿದ. ಆಮೇಲೆ ಎಲ್ಲರಿಗೂ ಕೆಲಸ ಸಿಕ್ಕಿತು. ಒಬ್ಬ ನಿಘಂಟಿನ ಎರಡನೆಯ ಸಂಪುಟ ಎತ್ತಿ ಬೆನ್ನಿನ ಮೇಲೆ ಎಸೆದ, ಇನ್ನೊಬ್ಬ ಬೂಟಿನಿಂದ ಪಕ್ಕೆಗೆ ಒದ್ದ, ಹಿಂದಿನವರು ತಮ್ಮ ಸರದಿಗೆ ಭುಜ ತೂರಿಸಿದರು. ಒದೆಯುವಾಗ ಅವರು ಬಯ್ಯುತ್ತಿರಲಿಲ್ಲ, ಭಾರ ಎತ್ತುವವರ ಹಾಗೆ ಹ್ಞೂ ಹ್ಞೂ ಎನ್ನುತ್ತಿದ್ದರು. ಗೋಡೆಗೆ ಒರಗಿ ನಿಂತಿದ್ದ ಇವನ ಮೂಗಿಗೆ ಬೆವರು, ಹಳೆಯ ಕಾಗದ, ರಕ್ತದ ತುಕ್ಕುವಾಸನೆ. “ಭಾವ, ನೀವೂ ಒಂದು ಹಾಕಿ. ನಾಳೆ ಯಾರಾದ್ರೂ ನಿಮ್ಮನ್ನ ಅವನ ಕಡೆಯೋರು ಅಂದ್ಬಿಟ್ರೆ, ಅಕ್ಕನ ಗತಿ ಏನು?” ಬಾಮೈದನ ಕಣ್ಣಲ್ಲಿ ನಿಜವಾದ ಕಳಕಳಿ. ಅಲ್ಪವಿರಾಮನನ್ನು ಕಾಲರು ಹಿಡಿದು ಎತ್ತಿ ನಿಲ್ಲಿಸಿದರು. ತುಟಿ ಸೀಳಿ ಹಲ್ಲು ಕಾಣುತ್ತಿತ್ತು. ಇವನು ಒಂದು ಹೆಜ್ಜೆ ಮುಂದಿಟ್ಟ. ಮೆಲ್ಲಗೆ, ತೋರಿಕೆಗೆ, ಎಂದುಕೊಂಡೇ ಕೈ ಎತ್ತಿದ. ಕೈಗೆ ಆ ಮಾತು ಮುಟ್ಟಲಿಲ್ಲ. ಇಷ್ಟು ದಿನದ ‘ಆಗಲಿ ಸಾರ್’ಗಳು, ನೆಟ್ಟನೆಯ ಗೆರೆ, ‘ನಿಮ್ಮ ಕೈಯದು ಅನ್ನಿಸ್ಲಿಲ್ಲ’ ಎಂದ ಆ ಮರುಕ, ಹೊಸಿಲ ಮೇಲಿಂದ ತಿರುಗಿ ನೋಡಿದ ಚಿಕ್ಕಪ್ಪನ ಮುಖ, ಎಲ್ಲ ಒಟ್ಟಿಗೆ ಅಂಗೈಗೆ ಇಳಿದು ಅಲ್ಪವಿರಾಮನ ಕೆನ್ನೆಯ ಮೇಲೆ ಸಿಡಿಯಿತು. ತಲೆ ಕಪಾಟಿನ ಅಂಚಿಗೆ ಹೊಡೆಯಿತು. ಎರಡನೆಯ ಏಟನ್ನು ಯಾರೂ ಕೇಳಿರಲಿಲ್ಲ. ಅದನ್ನೂ ಹೊಡೆದ.

ಸಂಜೆ ಐದೂವರೆಗೆ ಮನೆಯಲ್ಲಿ ದೀಪ ಹಾಕಿರಲಿಲ್ಲ. ಬಾಮೈದ ಅಡುಗೆಮನೆಯ ಮೇಜಿಗೆ ಕೂತು ಗಬಗಬನೆ ಉಣ್ಣುತ್ತಿದ್ದ. ಬೆರಳಗಿಣ್ಣು ಕಿತ್ತಿದ್ದಕ್ಕೆ ಅವನ ಅಕ್ಕ ಬಟ್ಟೆ ಸುತ್ತಿದ್ದಳು. ಬಚ್ಚಲಲ್ಲಿ ಅವನ ಅಂಗಿ ನೆನೆಹಾಕಿತ್ತು. “ಅಕ್ಕಾ, ಇವತ್ತು ನೋಡ್ಬೇಕಿತ್ತು ಭಾವನ್ನ. ನಾನೂ ಇಷ್ಟು ದಿನ ಬರೀ ಕಾಗದದ ಮನುಷ್ಯ ಅಂದ್ಕೊಂಡಿದ್ದೆ,” ಎಂದು ತುತ್ತಿನ ನಡುವೆ ಹೇಳಿದ. ಮಾತಿನಲ್ಲಿ ಕೊಂಕಿರಲಿಲ್ಲ, ಮದುವೆಯಾದಂದಿನಿಂದ ಇವನಿಗೆ ಈ ಮನೆಯಲ್ಲಿ ಸಿಕ್ಕ ಮೊದಲ ಹೊಗಳಿಕೆ ಅದು. ಹೆಂಡತಿ ತಿರುಗಿ ಗಂಡನ ಬಲಗೈ ನೋಡಿದಳು. “ನೀವೂನಾ?” ಎಂದಳು. ಆಮೇಲೆ ಅವನಿಗೂ ಒಂದು ತಟ್ಟೆ ಇಟ್ಟಳು. ಅವಳು ಬಡಿಸುವಾಗ ಸೌಟು ತಟ್ಟೆಯ ಅಂಚಿಗೆ ತಾಗಿ ಟಣ್ಣೆಂದಿತು. ಚಿಕ್ಕಪ್ಪನ ಗುಟ್ಟೂ ಎಲ್ಲರೂ ಊಟಕ್ಕೆ ಕೂತಿದ್ದಾಗಲೇ ಬಾಯಿಂದ ಬಿದ್ದದ್ದು. ಅಪ್ಪ ಬೆರಳ ಸಂದುಗಳನ್ನು ತೊಳೆದ. ಮಾರನೆಯ ದಿನವೂ ಅದೇ ಜಾಗದಲ್ಲಿ ಕೂತು ಎಲ್ಲರೂ ಉಂಡರು, ಒಂದು ತಟ್ಟೆ ಕಡಿಮೆಯಾದದ್ದನ್ನು ಯಾರೂ ಎತ್ತಿ ಆಡಲಿಲ್ಲ. ಅವನು ತಟ್ಟೆ ಸರಿಸಿದ. ಎದ್ದ.

“ಎಲ್ಲಿಗೆ ರೀ?”

“ಆಸ್ಪತ್ರೆಗೆ.”

ಬಾಮೈದ ಅಗಿಯುವುದನ್ನು ನಿಲ್ಲಿಸಿದ. “ನೋಡ್ಕೊಂಡು ಬನ್ನಿ ಭಾವ, ತಪ್ಪೇನಿಲ್ಲ. ಮನುಷ್ಯತ್ವ ಅಂತ ಒಂದಿರತ್ತಲ್ಲ,” ಎಂದ. “ಮಾತು ಮಾತ್ರ ಬೇಡ.”

ವಾರ್ಡಿನಲ್ಲಿ ಭೇಟಿಯ ಹೊತ್ತು ಮುಗಿಯುತ್ತ ಬಂದಿತ್ತು. ಕೊನೆಯ ಮಂಚದಲ್ಲಿ ಅಲ್ಪವಿರಾಮ ಮಲಗಿದ್ದ. ಮುಖದಲ್ಲಿ ಗುರುತು ಸಿಗುವಂಥದ್ದು ಹಣೆಯೊಂದೇ. ದವಡೆ ಬಿಗಿದು ಕಟ್ಟಿದ್ದರು, ಕಣ್ಣು ನೇರಳೆಯಾಗಿ ಊದಿ ಮುಚ್ಚಿದ್ದವು. ಪಕ್ಕದಲ್ಲಿ ಮಗಳು, ಮೂವತ್ತರ ಹೆಣ್ಣು. ಹೊಲಿಗೆ ಕಾರ್ಖಾನೆಯಿಂದ ನೇರ ಬಂದಿದ್ದಿರಬೇಕು, ಅಳತೆ ಟೇಪು ಇನ್ನೂ ಕತ್ತಿನಲ್ಲೇ ನೇತಾಡುತ್ತಿತ್ತು. ಅಪ್ಪನ ಕಚೇರಿಯವರೆಂದು ತಿಳಿದು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಅವನು ಕೂರಲಿಲ್ಲ.

“ನಾನೂ ಹೊಡ್ದೆ,” ಎಂದ.

ಕುರ್ಚಿ ಸರಿಸುತ್ತಿದ್ದವಳು ತಿರುಗಿದಳು. “ಏನಂದ್ರಿ?”

“ನಿಮ್ಮಪ್ಪನ್ನ. ಎರಡು ಸಲ. ಮೊದಲನೇದಕ್ಕೆ ಹೆದರಿಕೆ ಅಂತ ಹೇಳ್ಬಹುದು. ಅವರ ಮನೆ ಎಲ್ಲಿ ಅಂತ ತೋರಿಸಿಕೊಟ್ಟೋನೂ ನಾನೇ.”

ಅವಳು ಕಿರುಚುತ್ತಾಳೆ, ಮುಖಕ್ಕೆ ಉಗಿಯುತ್ತಾಳೆ ಎಂದು ಕಾದ. ಕಾದನೇನು, ಹಸಿದವನ ಹಾಗೆ ಹಂಬಲಿಸಿದ. ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಇದ್ದಳು. “ನಾನು ಕ್ಷಮಿಸ್ತೀನಿ ಅಂತ ಬಂದ್ರಾ?”

“ಇಲ್ಲ.”

“ಮತ್ತೆ ನನ್ನ ಹತ್ರ ಯಾಕೆ ಹೇಳ್ತೀರಿ? ನಾನೇನ್ ಮಾಡ್ಲಿ ಅದನ್ನ ತಗೊಂಡು? ಹೊರಗೆ ಪೊಲೀಸಪ್ಪ ಕೂತಿದಾನೆ. ಮಧ್ಯಾಹ್ನದಿಂದ ಯಾರೋ ಅಪರಿಚಿತರು, ಯಾರೋ ಅಪರಿಚಿತರು ಅಂತ ಬರ್ಕೊಂಡಿದಾನೆ. ಅವನಿಗೆ ಹೇಳಿ.” ಆಮೇಲೆ ದನಿ ಒಡೆದು, “ಹೋಗಿ ಇಲ್ಲಿಂದ. ಅವರು ಎದ್ದಾಗ ನಿಮ್ಮ ಮುಖ ಕಾಣೋದು ಬೇಡ,” ಎಂದಳು.

ಪೇದೆ ಪಡಸಾಲೆಯ ಬೆಂಚಿನ ಮೇಲೆ, ಟೋಪಿಯನ್ನು ತೊಡೆಯ ಮೇಲಿಟ್ಟು ಕೂತಿದ್ದ. ಇವನ ಮಾತು ಕೇಳಿ ಅತ್ತಿತ್ತ ನೋಡಿದ. “ಸಾರ್, ಗುಂಪು ಅಂತ ಬರ್ದಿದೀನಿ. ಸಾಕಲ್ವಾ? ಗುಂಪು ಅಂದ್ರೆ ಎಲ್ಲಾರೂ ಬಂದ್ಬಿಡ್ತಾರೆ.”

“ಯಾರೂ ಬರಲ್ಲ ಅದರಲ್ಲಿ. ಹೆಸರು ಬರ್ಕೊಳಿ.”

ಮೊದಲು ತನ್ನದನ್ನೇ ಹೇಳಿದ. ತಂದೆಯ ಹೆಸರು, ವಯಸ್ಸು, ಉದ್ಯೋಗ. ಉದ್ಯೋಗ ಹೇಳುವಾಗ ಪೇದೆ ತಲೆಯೆತ್ತಿ “ಡಿಕ್ಷನರಿ ಬರೆಯೋರಾ?” ಎಂದು ಅಚ್ಚರಿಪಟ್ಟ. ಎರಡನೆಯ ಹೆಸರಿಗೆ ಬಂದಾಗ ಹೆಂಡತಿ ಬಟ್ಟೆ ಸುತ್ತುತ್ತಿದ್ದ ರೀತಿ ಕಣ್ಣ ಮುಂದೆ ಬಂತು. ತಾಯಿ ಸತ್ತ ಮೇಲೆ ಆ ತಮ್ಮನನ್ನು ಎಂಟು ವರ್ಷದವನಿಂದ ಸಾಕಿದವಳು ಅವಳು. ಎರಡು ಸಲ ಈ ಬಾಯಿ ಮಾತು ಹೊರಹಾಕಿ ಇಬ್ಬರನ್ನು ಮುರಿದಿತ್ತು. ಎರಡು ಸಲವೂ ಹೇಳುವಾಗ ಹೂವೆತ್ತಿದಷ್ಟು ಹಗುರವಾಗಿತ್ತು. ಈ ಹೆಸರು ಭಾರವಾಗಿತ್ತು. ಅಷ್ಟರಮಟ್ಟಿಗೆ ಇದು ಚಾಡಿಯಲ್ಲವೇನೋ ಎಂದುಕೊಂಡು ಹೇಳಿಬಿಟ್ಟ.

“ನಿಮಗೇನಾಗ್ಬೇಕು ಇವರು?”

“ಹೆಂಡ್ತಿ ತಮ್ಮ.”

ಪೇದೆಯ ಪೆನ್ನು ನಿಂತಿತು. “ಇವತ್ತು ಮನೆಗೆ ಹೋಗ್ತೀರಾ ಸಾರ್?” ಎಂದು ತಗ್ಗಿದ ದನಿಯಲ್ಲಿ ಕೇಳಿದ. ಇವನು ಅದನ್ನು ಯೋಚಿಸಿಯೇ ಇರಲಿಲ್ಲ. ಪೇದೆ ಇನ್ನೂ ಏನೋ ಹೇಳುವವನಿದ್ದ, ಬಿಟ್ಟು, “ಕಾರಣ ಏನಂತ ಬರೀಲಿ?” ಎಂದ.

ಆ ಒಂದು ಪದಕ್ಕೇ ಮುನ್ನೂರ ಹನ್ನೆರಡು ಚೀಟಿಗಳಿದ್ದವು. “ಒಬ್ಬ ಮನುಷ್ಯ ತನಗೆ ಅನ್ನಿಸಿದ್ದನ್ನ ಹೇಳ್ದ. ಅಷ್ಟೇ ಬರೀರಿ,” ಎಂದ. ಪೇದೆ ಬರೆದ. ಇವನು ಸಹಿ ಹಾಕಿದ. ಬೆರಳು ನಡುಗಿ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದವು.

ಹೊರಗೆ ಇನ್ನೂ ಬೆಳಕಿತ್ತು. ಗೇಟಿನ ಹತ್ತಿರ ಐದಾರು ಜನ ನಿಂತಿದ್ದರು. ವಾರ್ಡಿನಿಂದ ಯಾರೋ ಸುದ್ದಿ ಮುಟ್ಟಿಸಿರಬೇಕು, ಇಲ್ಲ ಪೇದೆಯೇ ಫೋನು ಮಾಡಿರಬೇಕು. ಅವರ ನಡುವೆ ಬಾಮೈದ, ಒಗೆದ ಬೇರೆ ಅಂಗಿಯಲ್ಲಿ, ತಲೆ ಬಾಚಿಕೊಂಡು. ಹಿಂತಿರುಗಿ ಒಳಗೆ ಹೋಗಬಹುದಿತ್ತು, ಕಾವಲುಗಾರನನ್ನು ಕೂಗಬಹುದಿತ್ತು. ಇವನು ಮೆಟ್ಟಿಲಿಳಿದು ನಡೆದ. ಬಾಮೈದ ಕೈಗಡಿಯಾರ ಬಿಚ್ಚಿ ಪಕ್ಕದವನ ಕೈಗೆ ಕೊಟ್ಟ.

“ಭಾವ,” ಎಂದ ಮೆತ್ತಗೆ. “ಅಕ್ಕ ಉಣ್ಣದೆ ಕೂತಿದಾಳೆ. ಒಳಗೆ ಹೋಗಿ, ತಪ್ಪಾಯ್ತು ಅಂತ ಹೇಳಿ ಬರೆಸಿದ್ದನ್ನ ಹರಿದುಹಾಕಿಸಿ ಬನ್ನಿ. ನಾನಿಲ್ಲೇ ಕಾಯ್ತೀನಿ.”

“ಸಹಿ ಹಾಕಾಯ್ತು.”

“ಭಾವ, ಕೈ ಮುಗೀತೀನಿ. ಇವರ ಮುಂದೆ ನನ್ನ ಮುಖ ನೋಡಿ.”

ನೋಡಿದ. ಗದ್ದದ ಮೇಲೆ ಕ್ಷೌರದಲ್ಲಿ ಕೊಯ್ದ ಸಣ್ಣ ಗಾಯ. ಹಿಂದೆ ನಿಂತವರ ಕಡೆಗೆ ಹೊರಳಿ ಹೊರಳಿ ಮರಳುವ ಕಣ್ಣು. ಈ ಹುಡುಗನೂ ಎಲ್ಲರಷ್ಟೇ ಹೆದರಿದ್ದ. “ಆಗಲ್ಲ ಕಣೋ,” ಎಂದ. ಮದುವೆಯಾದ ಮೇಲೆ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದದ್ದು.

ಮೊದಲ ಏಟು ಕಿವಿಯ ಕೆಳಗೆ ಬಿತ್ತು, ಬೀದಿ ಓರೆಯಾಯಿತು. ಎರಡನೆಯದು ಹೊಟ್ಟೆಗೆ. ಮಂಡಿಯೂರಿ, ಉಸಿರಿಗಾಗಿ ಬಾಯಿ ತೆರೆದು ತಲೆ ಎತ್ತಿದಾಗ ಬಾಮೈದ ಅಳುತ್ತಿದ್ದ. ಚಿಕ್ಕ ಮಕ್ಕಳು ಅಳುವ ಹಾಗೆ ಬಿಕ್ಕಿ ಬಿಕ್ಕಿ, ಮೂಗು ಸೋರುತ್ತಿದ್ದರೂ ಒರೆಸಿಕೊಳ್ಳದೆ. ಅಳುತ್ತಳುತ್ತಲೇ, ಗುರಿ ತಪ್ಪದಂತೆ ಇವನ ಕಾಲರನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಬಲಗೈ ಮತ್ತೆ ಎತ್ತಿದ.